ಅಮ್ಮ ಆ ಗೆರೆಯಲ್ಲಿಲ್ಲ

ಅಂಗಡಿಯಿಂದ
ಗುರುವಾರ, ಮಧ್ಯಾಹ್ನ

ಅಕ್ಕಾ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಗೀಚಿರುವುದು ಅದೇ. ಪ್ರೀತಿ ಎಲ್ಲಿಗೂ ಹೋಗಿಲ್ಲ, ಇವತ್ತು ಬರೆಯಲು ಕೈ ಬರುತ್ತಿಲ್ಲ ಅಷ್ಟೇ. ನಿನ್ನೆ ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲೇ ‘ಮೀಟಿಂಗ್ ಇದೆ ಕಣೇ, ಆಮೇಲೆ ಮಾಡ್ತೀನಿ’ ಎಂದು ಇಟ್ಟುಬಿಟ್ಟೆ. ಆಮೇಲೆ ಮಾಡಲಿಲ್ಲ. ಮಾಡುವುದಿಲ್ಲ ಎಂದು ನನಗೂ ಗೊತ್ತಿತ್ತು. ಅದಕ್ಕೇ ಈ ಕಾಗದ. ಬೇಕಾದರೆ ಹರಿದುಹಾಕು, ಆದರೆ ಓದಿ ಹರಿ.

ನಡೆದದ್ದು ಇಷ್ಟು. ಮಂಗಳವಾರ ನಿನ್ನ ಮಗಳು ಕೋಟಿನ ತೋಳು ಗಿಡ್ಡ ಮಾಡಿಸಲು ಅಂಗಡಿಗೆ ಬಂದಿದ್ದಳು. ಮೂರು ವರ್ಷದವಳಿದ್ದಾಗ ನನ್ನ ಡಬ್ಬಿಯಿಂದ ಗುಂಡಿ ತೆಗೆದು ನುಂಗಿ ಮನೆಮಂದಿಯನ್ನೆಲ್ಲ ಅಳಿಸಿದವಳು, ಇಪ್ಪತ್ತೆಂಟು ತುಂಬಿದರೂ ನನಗೆ ಇನ್ನೂ ಗುಂಡಿಯೇ. ಅಳತೆ ತೆಗೆಯಲು ಕೈ ಮೇಲೆತ್ತು ಅಂದರೆ ಹಿಂಜರಿದಳು. ಏನೇ ಅಂದೆ. ‘ಏನಿಲ್ಲ ಚಿಕ್ಕಮ್ಮ, ಎದೇಲೊಂದು ಸಣ್ಣ ಗಂಟಿದೆ, ಬಟಾಣಿ ಅಷ್ಟು. ಡಾಕ್ಟರಿಗೆ ತೋರಿಸ್ದೆ’ ಅಂದಳು. ಅಮ್ಮನಿಗೆ, ಚಿಕ್ಕಮ್ಮನಿಗೆ, ಅಜ್ಜಿಗೆ, ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತೇ ಎಂದು ಆ ಡಾಕ್ಟರು ಕೇಳಿದರಂತೆ. ಇವಳು ಅಲ್ಲಿಂದಲೇ ನಿನಗೆ ಫೋನ್ ಮಾಡಿದಳಂತೆ. ನೀನು ಯಾರಿಗೂ ಇಲ್ಲ ಎಂದೆಯಂತೆ. ‘ಹಾಗಾದ್ರೆ ಈ ವಯಸ್ಸಿಗೆ ಹೆದರೋದೇನಿಲ್ಲ, ಆರು ತಿಂಗಳು ಬಿಟ್ಟು ಬನ್ನಿ’ ಎಂದು ಕಳುಹಿಸಿದರಂತೆ. ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದೆ, ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಆ ಹೊತ್ತಿಗೆ ಏನು ಅಂದುಬಿಡುತ್ತಿದ್ದೆನೋ.

ಯಾರಿಗೂ ಇಲ್ಲ! ಬೇರೆ ಯಾರಾದರೂ ಹೇಳಿದ್ದರೆ ಪಾಪ, ತಿಳಿಯದವರು ಎಂದು ಬಿಡುತ್ತಿದ್ದೆ. ಯಾವ ದೇಶದಲ್ಲಿ ಯಾವ ವರ್ಷ ಎಷ್ಟು ಜನಕ್ಕೆ ಕ್ಯಾನ್ಸರ್ ಬಂತು, ಎಷ್ಟು ಜನ ಹೋದರು, ಅವರು ಬದುಕಬೇಕಾಗಿದ್ದ ವರ್ಷಗಳು ಎಷ್ಟು ಮಣ್ಣುಪಾಲಾದವು ಎಂದು ಲೆಕ್ಕ ಹಾಕುವುದೇ ನಿನ್ನ ಕೆಲಸ. ಅದಕ್ಕೆ ನಿನಗೆ ಸಂಬಳ, ಅದಕ್ಕೆ ನಿನಗೆ ಹಾರ. ಪ್ರಪಂಚದ ಮನೆಗಳನ್ನೆಲ್ಲ ಎಣಿಸಿದವಳಿಗೆ ತನ್ನ ಮನೆ ಲೆಕ್ಕಕ್ಕೆ ಸಿಗಲಿಲ್ಲವಂತೆ.

ಹೋದ ತಿಂಗಳು ನಿನ್ನ ಭಾಷಣಕ್ಕೆ ನಾನೂ ಬಂದಿದ್ದೆ, ಕೊನೆಯ ಸಾಲಿನಲ್ಲಿ ಕೂತಿದ್ದೆ. ಗೋಡೆಯ ಮೇಲೆ ಮೂವತ್ತು ವರ್ಷದ ಕ್ಯಾನ್ಸರ್ ಸಾವುಗಳ ಗೆರೆ ಮೂಡಿತು. ಕ್ಯಾನ್ಸರಿನಿಂದ ಸಾಯುವವರು ಹೆಚ್ಚಿದ್ದಾರೆ, ಯಾಕೆಂದರೆ ಜನವೇ ಹೆಚ್ಚಿದ್ದಾರೆ, ಮುದುಕರಾಗುವ ತನಕ ಬದುಕುತ್ತಿದ್ದಾರೆ. ಆಗಿನವರನ್ನೂ ಈಗಿನವರನ್ನೂ ಒಂದೇ ವಯಸ್ಸಿಗೆ ಸರಿದೂಗಿಸಿ ನೋಡಿದರೆ ಪ್ರಮಾಣ ಇಳಿಯುತ್ತಿದೆ ಎಂದು ವಿವರಿಸಿದೆ. ನನ್ನಂಥವಳಿಗೂ ತಿಳಿಯುವ ಹಾಗೆ ಹೇಳಿದೆ, ಹೆಮ್ಮೆಯಾಯಿತು. ಆಮೇಲೆ ಮರಣ ಪ್ರಮಾಣಪತ್ರಗಳ ಮಾತು ತೆಗೆದೆ. ಡಾಕ್ಟರುಗಳು ಸೋಮಾರಿತನಕ್ಕೋ ಮನೆಯವರ ದಾಕ್ಷಿಣ್ಯಕ್ಕೋ ‘ಹೃದಯ ನಿಂತಿತು’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ, ಅಂಥವನ್ನು ನಮ್ಮಲ್ಲಿ ಕಸ ಅಂತೀವಿ ಎಂದೆ. ‘ಹೃದಯ ಎಲ್ಲರದ್ದೂ ನಿಲ್ಲುತ್ತೆ ರೀ, ಯಾಕೆ ನಿಲ್ತು ಅದನ್ನ ಹೇಳಿ’ ಎಂದಾಗ ಸಭೆಯೆಲ್ಲ ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ!

ನಮ್ಮಮ್ಮನ ಮರಣ ಪ್ರಮಾಣಪತ್ರದಲ್ಲಿ ಆ ದಪ್ಪ ಕನ್ನಡಕದ ಡಾಕ್ಟರು ಸ್ತನ ಕ್ಯಾನ್ಸರ್ ಎಂದೇ ಬರೆದಿದ್ದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಅವರ ಹಿಂದೆ ಹಿಂದೆ ಹೋಗಿ, ಕಾಲಿಗೆ ಬೀಳುವುದೊಂದು ಬಾಕಿ, ‘ಹೃದಯ ನಿಂತಿತು’ ಎಂದು ಬೇರೆ ಪತ್ರ ಬರೆಸಿಕೊಂಡು ಬಂದವಳು ನೀನು. ಆಗಲೂ ನೀನು ಇದೇ ಕೆಲಸದಲ್ಲಿದ್ದೆ! ‘ಹೆಣ್ಣುಮಗು ಇರೋ ಮನೆ ಕಣೇ, ರೋಗದ ಮನೆ ಅಂತ ಹೆಸರು ಬಿದ್ರೆ ನಾಳೆ ಇವಳನ್ನ ಯಾರು ಮದುವೆ ಆಗ್ತಾರೆ? ನಮ್ಮತ್ತೆ ನನ್ನನ್ನ ಸುಮ್ನೆ ಬಿಡ್ತಾರಾ?’ ಎಂದೆ. ಆ ಹೆಣ್ಣುಮಗುವಿಗೆ ಆಗ ಹತ್ತು ವರ್ಷ, ಬೆಂಚಿನ ಮೇಲೆ ಕಾಲಾಡಿಸುತ್ತ ಬಿಸ್ಕತ್ತು ತಿನ್ನುತ್ತಿತ್ತು. ಅದರ ತಲೆಯ ಮೇಲೆ ನನ್ನ ಕೈ ಇರಿಸಿ, ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿಸಿಕೊಂಡೆ. ಯಾವ ತಲೆಯ ಮೇಲೆ ಆಣೆ ಮಾಡಿಸಿದೆಯೋ ಅದೇ ತಲೆಗೆ ಈಗ ಕುತ್ತು ಬಂದು ಕೂತಿದೆ. ನಿನಗೆ ಮಾತ್ರ ಇನ್ನೂ ಗುಟ್ಟೇ ದೊಡ್ಡದು.

ಮದುವೆಯಂತೆ, ಮದುವೆ! ಅವಳು ಮದುವೆಯೇ ಬೇಡ ಎಂದು ಹಟ ಹಿಡಿದು ನಾಲ್ಕು ವರ್ಷವಾಯಿತು. ನಿನ್ನ ಅತ್ತೆಯೂ ಹೋದರು, ಅವರದ್ದು ನಿಜವಾಗಿಯೂ ಹೃದಯವೇ. ಇನ್ನು ಯಾರಿಗೆ ಹೆದರಿ ಮುಚ್ಚಿಡುತ್ತಿದ್ದೀಯ?

ನಿಮ್ಮ ಆಫೀಸಿನವರು ಆ ಕಸದ ಸಾವುಗಳನ್ನು ಏನೋ ಲೆಕ್ಕ ಹಾಕಿ ಒಂದೊಂದು ರೋಗಕ್ಕೆ ಇಷ್ಟಿಷ್ಟು ಎಂದು ಹಂಚುತ್ತಾರೆ ಎಂದು ನೀನೇ ಒಂದು ಸಲ ಹೇಳಿದ್ದೆ. ಅಂದರೆ ನಮ್ಮಮ್ಮನ ಸಾವನ್ನೂ ಹಂಚಿದ್ದೀರಿ. ಒಂದು ಚೂರು ಶ್ವಾಸಕೋಶಕ್ಕೋ, ಇನ್ನೊಂದು ಮೂತ್ರಪಿಂಡಕ್ಕೋ. ಐವತ್ತೊಂದಕ್ಕೆ ಹೋದ ಹೆಂಗಸು ನೀನು ಬರೆದ ಗೆರೆಯಲ್ಲಿ ಇರಬೇಕಾದ ಕಡೆ ಪೂರ್ತಿಯಾಗಿ ಇಲ್ಲ. ಆಪರೇಷನ್ ಆದ ಮೇಲೆ ಅವಳ ರವಿಕೆಯೊಳಗೆ ಹತ್ತಿ ಇಟ್ಟು ಹೊಲಿದುಕೊಟ್ಟವಳು ನಾನು. ಅದಕ್ಕೂ ಮುಂಚೆ, ಗಂಟು ಕೈಗೆ ಸಿಕ್ಕ ಮೇಲೂ ‘ನೋಡೋಣ ಬಿಡು, ಏನೂ ಇರಲ್ಲ’ ಎಂದು ಅವಳು ಒಂದು ವರ್ಷ ತಳ್ಳಿದ್ದನ್ನು ಕಣ್ಣಾರೆ ಕಂಡವಳೂ ನಾನು. ನೀನು ಬರುತ್ತಿದ್ದದ್ದು ಭಾನುವಾರ, ಅವಳು ತಲೆ ಬಾಚಿ, ಮುಖಕ್ಕೆ ಪೌಡರ್ ಹಾಕಿಕೊಂಡು ಕೂತಿರುತ್ತಿದ್ದಳು.

ಫೋನು ಇಡುವ ಮುಂಚೆ ನಿನ್ನೆ ಅಂದೆಯಲ್ಲ, ‘ಈ ವಯಸ್ಸಲ್ಲಿ ಇಂಥ ಗಂಟು ಹೆಚ್ಚಿನವು ಏನೂ ಆಗಿರಲ್ಲ ಕಣೇ’ ಅಂತ. ಆಗಿರದಿರಲಿ. ನಿನ್ನ ಬಾಯಿಗೆ ಸಕ್ಕರೆ ಬೀಳಲಿ. ಆದರೆ ಹೆಚ್ಚಿನವು, ಕೆಲವು ಎಂದು ಹೇಳಲು ನಿನ್ನ ಪ್ರಪಂಚದಲ್ಲಿ ಕೋಟಿಗಟ್ಟಲೆ ಜನ ಇದ್ದಾರೆ, ನಮಗಿರುವುದು ಒಬ್ಬಳೇ ಗುಂಡಿ. ಅಜ್ಜಿಯ ವಿಷಯ ಗೊತ್ತಿದ್ದರೆ ಆ ಡಾಕ್ಟರು ಆರು ತಿಂಗಳು ಕಾಯಿಸುತ್ತಿರಲಿಲ್ಲ. ಅದು ನನಗಿಂತ ಚೆನ್ನಾಗಿ ನಿನಗೆ ಗೊತ್ತು, ಅದಕ್ಕೇ ನನಗೆ ಇಷ್ಟು ಸಿಟ್ಟು. ನಿನಗೆ ಭಯ, ಒಪ್ಪುತ್ತೇನೆ. ನನಗೂ ಭಯವೇ. ಮಂಗಳವಾರದಿಂದ ಒಂದು ಹೊಲಿಗೆಯೂ ನೆಟ್ಟಗೆ ಬಿದ್ದಿಲ್ಲ.

ಭಾನುವಾರದೊಳಗೆ ನೀನಾಗಿ ಅವಳಿಗೆ ಹೇಳು. ಹೇಳದಿದ್ದರೆ ಆಣೆ ಮುರಿದು ನಾನು ಹೇಳುತ್ತೇನೆ. ಪಾಪ ಬಂದರೆ ಬರಲಿ, ನನಗೇ ತಟ್ಟಲಿ.

ಕೆಂಡದಂಥ ಕೋಪದಲ್ಲಿರುವ,
ಆದರೂ ನಿನ್ನವಳೇ ಆದ
ತಂಗಿ

ತಾ.ಕ.: ಭಾನುವಾರದ ಮಾತು ಬಿಟ್ಟುಬಿಡು. ಸಹಿ ಹಾಕುವಷ್ಟರಲ್ಲಿ ಕೋಟು ತೆಗೆದುಕೊಂಡು ಹೋಗಲು ಗುಂಡಿ ಬಂದಳು. ‘ಏನು ಬರೀತಿದೀಯ ಚಿಕ್ಕಮ್ಮ, ಮುಖ ಯಾಕೆ ಹೀಗಾಗಿದೆ?’ ಎಂದಳು. ಹಾಳೆಗಳನ್ನು ಅವಳ ಕಡೆ ತಿರುಗಿಸಿಟ್ಟೆ. ನಿಂತೇ ಓದಲು ಶುರುಮಾಡಿದವಳು ಎರಡನೆಯ ಹಾಳೆಗೆ ಸ್ಟೂಲು ಎಳೆದುಕೊಂಡು ಕೂತಳು. ಅಳಲಿಲ್ಲ, ಕೂಗಾಡಲೂ ಇಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ‘ಅಜ್ಜಿಗೆ ಯಾವ ಕಡೆ ಇತ್ತು?’ ಎಂದಷ್ಟೇ ಕೇಳಿದಳು. ಹೇಳಿದೆ. ಅಲ್ಲೇ ಕೂತು ಆ ಡಾಕ್ಟರಿಗೆ ಫೋನ್ ಮಾಡಿದಳು. ನಾಳೆ ಬೆಳಿಗ್ಗೆ ಹತ್ತಕ್ಕೆ ಬರಬೇಕಂತೆ, ಸೂಜಿ ಹಾಕಿ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರಂತೆ. ಜೊತೆಗೆ ಮನೆಯವರು ಯಾರಾದರೂ ಇರಲಿ ಅಂದರಂತೆ. ‘ನೀನು ಬಾ ಚಿಕ್ಕಮ್ಮ. ಅಮ್ಮ ಬೇಡ’ ಅಂದಳು. ಅವಳು ಅಂದದ್ದನ್ನು ಅಂದ ಹಾಗೇ ಬರೆದಿದ್ದೇನೆ. ನೀನು ಫೋನು ಎತ್ತುತ್ತಿಲ್ಲ, ಅದಕ್ಕೆ ಸಂಜೆ ಇದನ್ನು ನಾನೇ ನಿನ್ನ ಬಾಗಿಲಡಿ ತೂರಿಸಿ ಹೋಗುತ್ತೇನೆ. ಅವಳು ಬೇಡ ಅಂದರೂ ನೀನು ಬಾ. ಬೈದರೆ ಬೈಸಿಕೋ. ಮಾತಾಡದಿದ್ದರೆ ಸುಮ್ಮನೆ ಅವಳ ಪಕ್ಕ ಕೂತಿರು.