ತೇಗದ ಡೆಕ್ಕಿನ ಮೇಲೆ ಬೂಟು

ಸಿಡ್ನಿ, ಜುಲೈ ೧೯೪೨

ನೆಲ್ ಅಕ್ಕಾ,

ಉಣ್ಣೆ ಸಾಹುಕಾರನೊಬ್ಬನ ವಿಹಾರನೌಕೆಗೆ ಬೂದುಬಣ್ಣ ಬಳಿದು, ಫಿರಂಗಿ ಕೂರಿಸಿ, ನೌಕಾಪಡೆ ನಮ್ಮನ್ನು ಹತ್ತಿಸಿದೆ. ಆ ಸಾಹುಕಾರನೇ ಈಗ ನಮ್ಮ ಲೆಫ್ಟಿನೆಂಟ್. ಅವನ ಹಳೆಯ ಆಳು ಟುಲಕ್ ಅಡುಗೆಯವನಾಗಿದ್ದಾನೆ. ತೇಗದ ಡೆಕ್ಕಿನ ಮೇಲೆ ಬೂಟು ಹಾಕಲು ಟುಲಕ್ ಇನ್ನೂ ಬಿಡುವುದಿಲ್ಲ.

ಮಂಗಳವಾರ ಜಲಾಂತರ್ಗಾಮಿ ಕಂಡಿತೆಂದು ಗಂಟೆ ಬಾರಿಸಿದರು. ನೀರಿನಡಿ ಸಿಡಿಯುವ ಮದ್ದಿನ ಪೀಪಾಯಿಯನ್ನು ಸಮುದ್ರಕ್ಕೆ ಉರುಳಿಸುವುದು ನನ್ನ ಕೆಲಸ. ಓಡಿದೆ.

"ಲೇ, ಬೂಟು ಬಿಚ್ಚೋ! ನಿಮ್ಮಪ್ಪ ಬಂದು ಪಾಲಿಶ್ ಮಾಡ್ತಾನಾ?" ಎಂದು ಟುಲಕ್ ಕಿರುಚಿದ.

ಒಡೆಯರಿಗೆ ತಲೆಬಾಗಬೇಡಿರೆಂದು ಊರಿನ ಗಣಿ ಕಾರ್ಮಿಕರಿಗೆ ಕರಪತ್ರ ಹಂಚಿದ ನಾನು ಕೂತು ಲೇಸು ಬಿಚ್ಚಿದೆ. ಸಾಹುಕಾರ ಬೂಟುಗಾಲಲ್ಲೇ ನನ್ನನ್ನು ದಾಟಿ ಓಡಿದ. "ಡೆಕ್ ಹಾಳಾದ್ರೆ ಆಗ್ಲಿ ಕಣೋ!" ಎನ್ನುತ್ತ ಪೀಪಾಯಿಯನ್ನು ತಾನೇ ಉರುಳಿಸಿದ. ಅದು ಸಿಡಿದ ಮೇಲೆ ತೇಲಿಬಂದದ್ದು ಸತ್ತ ಮೀನುಗಳು ಮಾತ್ರ.

ಕೆಮ್ಮು ಇಳಿದಿದೆ. ಉಣ್ಣೆಯ ಕಾಲುಚೀಲ ಕಳಿಸು. ಅಪ್ಪನ ಗಣಿ ಕಾರ್ಮಿಕರ ಸಂಘದಲ್ಲಿ ಈ ಕಾರ್ಡನ್ನು ಓದಿ ಹೇಳಬೇಡ.

ಆಲ್ಫ್