ಎರಡು ಗಿಡಕ್ಕೆ ಎಷ್ಟು ಬೆಳಕು

ವಿನ್ಲಾ, ಬ್ರಿಟಿಷ್ ಕೊಲಂಬಿಯಾ
ಫೆಬ್ರವರಿ 11, 2024

ನನ್ನ ಮುದ್ದು ಜೂನಿ,

ನಿನ್ನ ಕಾಗದ ಗುರುವಾರ ಬಂತು. ಅಂಚೆಪೆಟ್ಟಿಗೆಯಲ್ಲಿ ನಿನ್ನ ಅಕ್ಷರ ಕಂಡು, ಕ್ರಿಸ್ಮಸ್ ಕಾರ್ಡು ಎರಡು ತಿಂಗಳು ತಡವಾಗಿ ಬಂದಿರಬೇಕು ಎಂದುಕೊಂಡೆ. ನೀನು ಮನೆಬಿಟ್ಟು ಹೋಗಿ ಹತ್ತೊಂಬತ್ತು ವರ್ಷ, ನಿನ್ನಿಂದ ಬರುವುದು ಅದೊಂದೇ ತಾನೇ. ಮನೆತನಕ ತಡೆಯಲಾಗದೆ ಕಾರಿನಲ್ಲೇ ಕೂತು ಒಡೆದೆ. ನಾಲ್ಕೇ ಸಾಲು. ಅಳಿಯ ಕೋಲಿನ್‌ಗೆ ಲಾರಿ ಓಡಿಸಿ ಓಡಿಸಿ ಬೆನ್ನು ಹಿಡಿದುಕೊಂಡಿದೆ, ನಿದ್ದೆ ಇಲ್ಲ. ಮನೆಯಲ್ಲೇ ಎರಡು ಗಾಂಜಾ ಗಿಡ ಬೆಳೆಸೋಣ ಅಂತಿದ್ದೀವಿ. ಎರಡಡಿಗೆ ನಾಲ್ಕಡಿ ಜಾಗ, ಯಾವ ಎಲ್‌ಇಡಿ ತಗೋಬೇಕು? ಹಳೇ ವಿಷಯ ಎತ್ತಬೇಡ.

ಓದಿ ಜೋರಾಗಿ ನಕ್ಕುಬಿಟ್ಟೆ ಕಣೇ. ಪಕ್ಕದ ಕಾರಿನವನು ತಿರುಗಿ ನೋಡಿದ. ಫೋನಿನಲ್ಲಿ ಎರಡು ಸಲ ಒತ್ತಿದರೆ ಸಿಗುವ ಉತ್ತರಕ್ಕೆ ನೀನು ಅಂಚೆಚೀಟಿ ಹಚ್ಚಿ ನನಗೆ ಬರೆದಿದ್ದೀಯ. ಇದಕ್ಕಿಂತ ದೊಡ್ಡ ಸಂತೋಷ ನನಗೆ ಈ ವಯಸ್ಸಿನಲ್ಲಿ ಬೇರೆ ಯಾವುದಿದೆ ಹೇಳು.

ಹಳೇ ವಿಷಯ ಎತ್ತಬೇಡ ಎಂದಿದ್ದೀಯ. ಎತ್ತಲೇಬೇಕು. ಮೂರನೇ ಕ್ಲಾಸಿನಲ್ಲಿ ನೀನು ಟೀಚರ ಮುಂದೆ, ನಮ್ಮ ಮನೆ ನೆಲಮಾಳಿಗೆಯಲ್ಲಿ ಚಳಿಗಾಲದಲ್ಲೂ ಬಿಸಿಲಿರುತ್ತೆ ಎಂದೆ. ಎರಡು ವಾರಕ್ಕೆ ಪೊಲೀಸರು ಬಂದು ಕೆಳಗಿನ ಗಾಂಜಾ ಗಿಡಗಳನ್ನೆಲ್ಲ ಕಿತ್ತರು, ಅಪ್ಪ ನಾಲ್ಕು ತಿಂಗಳು ಜೈಲಿಗೆ ಹೋದ. ತಂದೆಯನ್ನು ಹಿಡಿದುಕೊಟ್ಟವಳು ನಾನು ಎಂದು ನೀನು ಒಂಬತ್ತು ವರ್ಷಕ್ಕೇ ತೀರ್ಮಾನ ಮಾಡಿಕೊಂಡೆ. ನಾನು ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಆ ಬಗ್ಗೆ ಒಂದು ಮಾತು ಬಾಕಿ ಇದೆ. ಅದನ್ನು ಕೇಳಿದ ಮೇಲೆ ನೀನು ನನಗೆ ಇನ್ನೆಂದೂ ಬರೆಯದೇ ಹೋಗಬಹುದು, ಆ ಭಯ ನನಗಿದೆ. ಅದಕ್ಕೇ ಮೊದಲು ದೀಪದ ವಿಚಾರ ಮುಗಿಸುತ್ತೇನೆ. ಆಮೇಲೆ ಸಿಟ್ಟಿನಲ್ಲಿ ಕಾಗದ ಹರಿದರೂ ನಿನ್ನ ಗಿಡಗಳಿಗೆ ನಷ್ಟವಾಗಬಾರದು.

ಡಬ್ಬದ ಮೇಲೆ ಬರೆದ ವಾಟನ್ನು ನಂಬಬೇಡ. ಇದೇ ಮೊದಲ ಪಾಠ. ಆಚೆಮನೆ ಫ್ಲೋರೆನ್ಸ್ ಗೊತ್ತಲ್ಲ, ಕೋಳಿ ಸಾಕುವವಳು. ಅವಳು ಎಲ್ಲೋ ಫೋನಿನಲ್ಲಿ ನೋಡಿ ಸಾವಿರ ವಾಟಿನದು ಎಂದು ತರಿಸಿದಳು. ಗೋಡೆಗೆ ಸಿಕ್ಕಿಸಿ ಅಳೆದರೆ ನೂರಹತ್ತು. ಅದೂ ನೇರಳೆ ಬೆಳಕು. ಅವಳ ಕಿಟಕಿ ನೋಡಿದವರೆಲ್ಲ, ಏನ್ ಫ್ಲೋರೆನ್ಸ್, ಕೋಳಿಗಳಿಗೆ ಡ್ಯಾನ್ಸ್ ಬಾರ್ ಇಟ್ಟಿದೀಯಾ ಎಂದು ಕೇಳಿ ಕೇಳಿ ಅವಳ ಜೀವ ತಿಂದರು. ನೇರಳೆ ಬೆಳಕಿನಲ್ಲಿ ಎಲೆ ಹಳದಿಯಾಗಿದೆಯೋ ಹಸಿರಿದೆಯೋ ಗೊತ್ತಾಗುವುದಿಲ್ಲ, ಹುಳ ಬಿದ್ದರೂ ಕಾಣುವುದಿಲ್ಲ. ನೀನು ಬಿಳಿ ಬೆಳಕಿನದೇ ತಗೋ, ನಡುನಡುವೆ ಕೆಂಪು ಬಿಂದುಗಳಿರುತ್ತವೆ, ಅದು. ಗೋಡೆಯಿಂದ ನಿಜವಾಗಿ ಎಷ್ಟು ಕರೆಂಟು ಎಳೆಯುತ್ತದೆ ಎಂದು ಕೇಳು. ನಿನ್ನ ಜಾಗಕ್ಕೆ ಇನ್ನೂರರಿಂದ ಇನ್ನೂರ ನಲವತ್ತು ವಾಟ್ ಸಾಕು. ಒಂದೇ ಚೌಕದ ಹಲಗೆಯಂಥದ್ದು ಬೇಡ, ನಡುವೆ ಸುಟ್ಟು ಮೂಲೆಯಲ್ಲಿ ಕತ್ತಲೆ ಬಿಡುತ್ತದೆ. ಉದ್ದುದ್ದ ಪಟ್ಟಿಗಳಿರುವುದು ನಿನ್ನ ಉದ್ದನೆ ಜಾಗಕ್ಕೆ ಸರಿ. ಬೆಳಕು ಏರಿಸಿ ಇಳಿಸುವ ತಿರುಗುಗುಂಡಿ ಇರಲೇಬೇಕು.

ನನ್ನದನ್ನು ನೆಲ್ಸನ್ ಪೇಟೆಯಲ್ಲಿ ಕೊಂಡೆ. ಅಂಗಡಿಯಲ್ಲಿ ಡೆವನ್ ಎಂಬ ಗಡ್ಡದ ಯುವಕ. ನನ್ನ ಬಿಳಿಕೂದಲು, ಹೆಣೆದ ಟೋಪಿ ನೋಡಿ ಅವನ ದನಿಯೇ ಮೆತ್ತಗಾಯಿತು. ಮೇಡಂ, ಈ ಗಿಡನ ಯಾವತ್ತಾದ್ರೂ ಹತ್ತಿರದಿಂದ ನೋಡಿದೀರಾ ಎಂದು ಕೇಳಿದ. ಫೋಟೋದಲ್ಲಿ ನೋಡಿದೀನಪ್ಪ ಎಂದೆ. ಪಾಪ, ನಲವತ್ತು ನಿಮಿಷ ಪಾಠ ಮಾಡಿದ. ಮೊಳಕೆಯಿದ್ದಾಗ ದೀಪ ಎರಡಡಿ ಮೇಲಿರಬೇಕು, ಅರ್ಧ ಬೆಳಕು ಸಾಕು. ಹೂಬಿಡುವ ಕಾಲಕ್ಕೆ ಒಂದೂವರೆ ಅಡಿಗೆ ಇಳಿಸಬೇಕು. ಮೊದಲು ದಿನಕ್ಕೆ ಹದಿನೆಂಟು ಗಂಟೆ ಬೆಳಕು, ಹೂವಿಗೆ ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಗವ್ವೆನ್ನುವ ಕತ್ತಲೆ. ಹೌದಾ, ಅಯ್ಯೋ, ಇಷ್ಟೆಲ್ಲ ಇದೆಯಾ ಎನ್ನುತ್ತಾ ಕೇಳಿದೆ. ಕೊನೆಗೆ, ಇಷ್ಟಕ್ಕೂ ಪರಾಗ ಬಿದ್ದ ಹೆಣ್ಣುಗಿಡದ ಹೂವಿನ ಬಿಳಿ ಎಳೆ ಎಷ್ಟು ದಿನಕ್ಕೆ ಮುದುಡುತ್ತೆ ನಿಮ್ಮ ಕಡೆ ಎಂದು ಬಾಯಿತಪ್ಪಿ ಕೇಳಿಬಿಟ್ಟೆ. ಅವನು ನನ್ನ ಮುಖವನ್ನೇ ನೋಡಿದ. ಮೇಡಂ, ನೀವು ಸ್ಲೋಕನ್ ಕಣಿವೆಯೋರಾ ಎಂದ. ಇಬ್ಬರೂ ನಕ್ಕೆವು. ಮನೆಮನೆಯಲ್ಲೂ ಕದ್ದು ಇದನ್ನೇ ಬೆಳೆದ ನಮ್ಮ ಕಣಿವೆಯ ಮುದುಕಿಯರಿಗೆ ಈ ಪಾಠ ಹೇಳುವುದು ಮೀನಿಗೆ ಈಜು ಕಲಿಸಿದಂತೆ.

ಆದರೂ ಗರ್ವ ಪಡಬಾರದು. ಎಲ್‌ಇಡಿ ವಿಷಯದಲ್ಲಿ ನಾನೇ ಪೆದ್ದಿಯಾದೆ. ಅದನ್ನು ಹೇಳುತ್ತೇನೆ, ನೀನು ಅದೇ ತಪ್ಪು ಮಾಡಬೇಡ.

ಗಾಂಜಾ ಬೆಳೆಯಬಹುದು ಎಂದು ಕಾನೂನು ಬಂದ ಮೇಲೆ ಮನೆಗೆ ನಾಲ್ಕು ಗಿಡ ಎಂದಾಯಿತಲ್ಲ. ಅಪ್ಪ ತೀರಿಕೊಂಡ ವರ್ಷ ನಾನು ನೆಲಮಾಳಿಗೆಯ ಆ ದೊಡ್ಡ ಸೋಡಿಯಂ ದೀಪಗಳನ್ನೆಲ್ಲ ಹೊರಹಾಕಿ, ಒಂದು ಮೂಲೆಯಲ್ಲಿ ಗಿಡ ಬೆಳೆಸುವ ಪುಟ್ಟ ಡೇರೆ ನಿಲ್ಲಿಸಿ, ಈ ತೆಳ್ಳನೆ ದೀಪ ತೂಗುಹಾಕಿದೆ. ಎಷ್ಟು ಚೆಂದ! ಗುಂಯ್ ಎನ್ನುವ ಸದ್ದಿಲ್ಲ. ನೀನು ಹುಟ್ಟಿದಾಗಿನಿಂದ ಈ ಮನೆ ಗುಂಯ್ ಎನ್ನುತ್ತಿತ್ತು, ನಿಂತ ಮೇಲೇ ನನಗೆ ಗೊತ್ತಾಗಿದ್ದು. ಎಲ್ಲ ಲೆಕ್ಕದ ಪ್ರಕಾರ ಇತ್ತು. ಆದರೆ ಗಿಡಗಳು ಡಿಸೆಂಬರಿನಲ್ಲಿ ಮುನಿಸಿಕೊಂಡವು. ಎಲೆಯ ತೊಟ್ಟು ನೀಲಿಗಟ್ಟಿತು, ನೀರು ಕುಡಿಯಲಿಲ್ಲ, ಎರಡು ವಾರದಲ್ಲಿ ಒಂದಿಂಚೂ ಏಳಲಿಲ್ಲ. ಗೊಬ್ಬರ ಕೊಟ್ಟೆ, ಬೈದೆ, ಅಪ್ಪನ ಹಳೇ ರೇಡಿಯೋ ಇಟ್ಟು ಹಾಡು ಕೇಳಿಸಿದೆ. ಫ್ಲೋರೆನ್ಸ್ ಬಂದಳು. ಕುಂಡದ ಮಣ್ಣಿಗೆ ಬೆರಳು ತೂರಿಸಿ, ಲೋರ್ನಾ, ನಿನ್ ತಲೇಲಿ ಏನಿದೆ, ಈ ಪಾಪದ್ದು ಚಳೀಲಿ ಸಾಯ್ತಾ ಇದೆ ಎಂದಳು.

ಹೌದಲ್ಲ! ಮೂವತ್ತು ವರ್ಷ ಈ ಗಿಡ ಬೆಳೆಸಿದವರು ನಾವು, ಬಿಸಿ ಜಾಸ್ತಿಯಾಯಿತು ಎಂದು ಒದ್ದಾಡಿದ್ದೇ ಹೊರತು ಚಳಿಯ ಬಗ್ಗೆ ಯೋಚಿಸಿದವರೇ ಅಲ್ಲ. ಆ ನಾಲ್ಕು ಸೋಡಿಯಂ ದೀಪಗಳು ನಾಲ್ಕು ಒಲೆಗಳಿದ್ದ ಹಾಗೆ. ಹೊರಗೆ ಮೈನಸ್ ಇಪ್ಪತ್ತಿದ್ದರೂ ನೆಲಮಾಳಿಗೆಯಲ್ಲಿ ಅಪ್ಪ ಬನಿಯನ್ನಿನಲ್ಲಿ ಓಡಾಡುತ್ತಿದ್ದ. ಎಲ್‌ಇಡಿ ಬೆಳಕು ಕೊಡುತ್ತದೆ, ಆ ಪರಿಯ ಬಿಸಿ ಕೊಡುವುದಿಲ್ಲ. ಕಣಿವೆಯಲ್ಲಿ ನನ್ನಂಥ ಹಳಬರೆಲ್ಲ ಇದೇ ತಪ್ಪು ಮಾಡಿದ್ದಾರಂತೆ, ಒಬ್ಬರೂ ಬಾಯಿಬಿಟ್ಟಿರಲಿಲ್ಲ. ನಿನ್ನ ಪ್ರಿನ್ಸ್ ಜಾರ್ಜ್ ಊರಿನಲ್ಲಿ ಇಲ್ಲಿಗಿಂತಲೂ ಚಳಿ. ಹಾಗಾಗಿ ಕುಂಡಗಳನ್ನು ನೆಲದ ಮೇಲಿಡಬೇಡ, ಹಲಗೆ ಹಾಕಿ ಎತ್ತರಿಸು. ಡೇರೆಯೊಳಗೆ ಇಪ್ಪತ್ತಾರು ಡಿಗ್ರಿ ಇರಲಿ. ಮನೆಯ ಬೆಚ್ಚನೆ ಕೋಣೆಯಲ್ಲೇ ಇಡು. ದೀಪ ಹಗಲು ಆರಿಸಿ ರಾತ್ರಿ ಉರಿಸು, ಇರುವಷ್ಟು ಬಿಸಿ ಚಳಿಯ ಹೊತ್ತಿಗೆ ಸಿಗಲಿ. ಮನೆಮಾಲೀಕರನ್ನು ಮೊದಲೇ ಕೇಳು, ಕದ್ದುಮುಚ್ಚಿ ಮಾಡಬೇಡ. ಕದ್ದುಮುಚ್ಚಿದ್ದು ಈ ಮನೆತನಕ್ಕೆ ಸಾಕು.

ಈಗ ನನ್ನ ಗಿಡಗಳು ಸೊಂಟದೆತ್ತರ ಇವೆ. ಮುಂದಿನ ತಿಂಗಳು ಹೂವು ಕತ್ತರಿಸಬೇಕು. ಬೆರಳ ಗಂಟುಗಳಲ್ಲಿ ನೋವಿರುವುದರಿಂದ ಫ್ಲೋರೆನ್ಸ್ ಕತ್ತರಿ ಹಿಡಿದು ಬರುತ್ತಾಳೆ, ನಾನು ಬೋರ್ಷ್ ಸಾರು ಮಾಡುತ್ತೇನೆ, ಅವಳ ಅತ್ತೆಯ ಕಡೆಯ ಪಾಕ, ಕೆನೆ ಜಾಸ್ತಿ. ಪರದೆ ಎಳೆಯದೆ, ಬಾಗಿಲು ಹಾಕದೆ, ಅಡಿಗೆಮನೆ ಮೇಜಿನ ಮೇಲೆ ರಾಶಿ ಹಾಕಿಕೊಂಡು ಕೂರುತ್ತೇವೆ. ಕಳೆದ ಸಲ ಅಂಚೆಯವಳು ಬಂದು, ಅಬ್ಬ, ಏನ್ ಘಾಟು ಎಂದು ಮೂಗು ಮುಚ್ಚಿ ಸಹಿ ಹಾಕಿಸಿಕೊಂಡು ಹೋದಳು, ಅಷ್ಟೇ. ನಿನ್ನ ಬಾಲ್ಯದಲ್ಲಿ ಯಾರಾದರೂ ಬಾಗಿಲು ತಟ್ಟಿದರೆ ಮೊದಲು ನೆಲಮಾಳಿಗೆಗೆ ಬೀಗ ಹಾಕಿ ಬರುತ್ತಿದ್ದೆ. ನಿನ್ನ ಒಂದು ಹುಟ್ಟುಹಬ್ಬವನ್ನೂ ಮನೆಯಲ್ಲಿ ಮಾಡಲಿಲ್ಲ, ಎಲ್ಲ ಊರಿನ ಸಭಾಭವನದಲ್ಲಿ. ಗೆಳತಿಯರನ್ನು ಯಾಕೆ ಕರೆಯಬಾರದು ಎಂದು ಕೇಳಿದರೆ, ಮನೆ ಚಿಕ್ಕದು ಪುಟ್ಟಾ ಎನ್ನುತ್ತಿದ್ದೆ. ನಿನಗೆ ಮಾತಾಡಬೇಡ ಎಂದು ಕಲಿಸಿದವಳು ನಾನು. ಅದಕ್ಕೇ ಮಾತಾಡಿದ್ದು ಅಷ್ಟು ದೊಡ್ಡ ಪಾಪವಾಗಿ ನಿನಗೆ ಕಂಡಿತು.

ನೋಡು, ಹೇಳುತ್ತೇನೆ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುತ್ತಿದ್ದೇನೆ. ಕಾಗದ ಆರು ಪುಟ ಆಯಿತು. ಕೈ ನೋಯುತ್ತಿದೆ. ಒಲೆಯ ಮೇಲೆ ಸಾರು ಕುದಿಯುತ್ತಿದೆ, ಹೊರಗೆ ಒಳ್ಳೆಯ ಬಿಸಿಲಿದೆ, ನಿನ್ನ ಕಾಗದ ಸಕ್ಕರೆ ಡಬ್ಬಿಗೆ ಒರಗಿ ನಿಂತಿದೆ. ಇಂಥ ಮಧ್ಯಾಹ್ನ ನನಗೆ ಬಹಳ ವರ್ಷದಿಂದ ಸಿಕ್ಕಿರಲಿಲ್ಲ, ಇದನ್ನು ಹಾಳುಮಾಡಿಕೊಳ್ಳಲು ಮನಸ್ಸಿಲ್ಲ. ಕೋಲಿನ್‌ಗೆ ಬೆನ್ನಿಗೆ ಬಿಸಿನೀರಿನ ಚೀಲ ಇಡಲು ಹೇಳು. ನಿನ್ನನ್ನು ನೆನೆಯದ ದಿನವಿಲ್ಲ.

ನಿನ್ನ ಪ್ರೀತಿಯ
ಅಮ್ಮ ಲೋರ್ನಾ

ಮರೆತ ಮಾತು: ಸುಳ್ಳು, ಮರೆತಿರಲಿಲ್ಲ. ಲಕೋಟೆ ಅಂಟಿಸಿ, ಕೋಟು ಹಾಕಿಕೊಂಡು ಬಾಗಿಲ ತನಕ ಹೋಗಿ, ವಾಪಸು ಬಂದು ಹರಿದೆ.

ಆ ಚಳಿಗಾಲ ನಿನಗೆ ನವೆಂಬರಿನಿಂದ ಕೆಮ್ಮು. ಹಿಂದಿನ ಮೂಲೆಯ ನಿನ್ನ ಕೋಣೆ ಮಂಜುಗಡ್ಡೆ ಪೆಟ್ಟಿಗೆಯಂತೆ ಇರುತ್ತಿತ್ತು. ನೆಲಮಾಳಿಗೆಯ ಬಿಸಿಗಾಳಿ ಅಟ್ಟದ ಪೈಪಿನಲ್ಲಿ ಹೊಗೆಗೂಡಿಗೆ ಹೋಗುತ್ತಿತ್ತು. ಅದಕ್ಕೆ ಯಾರೂ ಕೈಹಚ್ಚಕೂಡದು ಎಂದು ಅಪ್ಪನ ಕಟ್ಟಪ್ಪಣೆ. ಅವನು ಊರಲ್ಲಿಲ್ಲದ ದಿನ ನಾನು ಅಟ್ಟ ಹತ್ತಿ, ಚಳಿ ತಡೆಯುವ ಹೊದಿಕೆಯನ್ನು ಕಿತ್ತು ಬದಿಗೆ ಸರಿಸಿ, ಪೈಪಿನ ಒಂದು ಜೋಡಣೆ ಬಿಚ್ಚಿ, ನಿನ್ನ ಬೀರುವಿನ ಹಿಂದಕ್ಕೆ ಗಾಳಿ ಇಳಿಸಿದೆ. ವಾಸನೆ ಬಾರದಿರಲಿ ಎಂದು ನಿನ್ನ ಸ್ವೆಟರುಗಳ ನಡುವೆ ದೇವದಾರಿನ ಚೂರು ಇಟ್ಟೆ. ಮೂರೇ ದಿನದಲ್ಲಿ ಕೆಮ್ಮು ನಿಂತಿತು. ಹೊದಿಕೆಯನ್ನು ಮತ್ತೆ ಹಾಸಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವನ ಮೀನಿನ ಗಾಳಗಳ ಪೆಟ್ಟಿಗೆಯಲ್ಲಿ ವಕೀಲರ ಲಕೋಟೆ ಸಿಕ್ಕಿತು. ಪೊಲೀಸರು ಕೋರ್ಟಿಗೆ ಕೊಟ್ಟ ಕಾಗದ. ಅದರಲ್ಲಿ ಶಾಲೆಯ ಮಾತಿಲ್ಲ, ಟೀಚರ ಹೆಸರಿಲ್ಲ, ನಿನ್ನ ಹೆಸರಿಲ್ಲ. ಒಂದು ಫೋಟೋ ಇದೆ, ನದಿಯಾಚೆಯ ರಸ್ತೆಯಿಂದ ತೆಗೆದದ್ದು. ಅದನ್ನೇ ಇದರ ಜೊತೆ ಇಟ್ಟಿದ್ದೇನೆ. ನಮ್ಮ ಚಾವಣಿಯ ಮೇಲೆ ಮೊಣಕಾಲುದ್ದ ಹಿಮ, ಹಿಂದಿನ ಮೂಲೆಯಲ್ಲಿ ಮಾತ್ರ ಒಂದು ಹಾಸಿಗೆಯಷ್ಟು ಜಾಗ ಕರಗಿ ತಗಡು ಕಾಣುತ್ತಿದೆ. ಪೊಲೀಸರಿಗೆ ಅದೇ ಸುಳಿವು, ನಾನು ಹೊದಿಕೆ ಕಿತ್ತ ಜಾಗ. ಅದರ ಕೆಳಗೆ ಯಾರ ಕೋಣೆ ಎಂದು ನಿನಗೆ ಹೇಳಬೇಕಾಗಿಲ್ಲ. ಫೋಟೋದ ಹಿಂದೆ ತಾರೀಖು ನೋಡು. 1997, ಜನವರಿ 9. ನೀನು ಶಾಲೆಯಲ್ಲಿ ಮಾತಾಡಿದ್ದು ನಿನ್ನ ಹುಟ್ಟುಹಬ್ಬದ ಮಾರನೆಯ ದಿನ, 15ಕ್ಕೆ. ನೀನು ಬಾಯಿಬಿಡುವ ಮೊದಲೇ ಅವರಿಗೆ ಗೊತ್ತಿತ್ತು.

ಫೋಟೋ ನಾನು ನೋಡಿದ್ದು ಎರಡು ವರ್ಷದ ಹಿಂದೆ. ಆದರೆ ನನಗೆ ಆಗಲೇ ಅನುಮಾನವಿತ್ತು ಜೂನಿ. ಅಪ್ಪ ಜೈಲಿನಿಂದ ಬಂದವನು ಬೂಟು ಕೂಡ ಬಿಚ್ಚದೆ ಅಟ್ಟ ಹತ್ತಿದ. ಒಂದು ಗಂಟೆ ಬಿಟ್ಟು ಇಳಿದು ಕೈತೊಳೆದು, ಊಟಕ್ಕೆ ಏನಿದೆ ಲೋರ್ನಾ ಎಂದ, ಅಷ್ಟೇ. ಅವನು ಎಲ್ಲ ಗೊತ್ತಿದ್ದೂ ನನ್ನನ್ನು ಕಾಪಾಡಿದ. ನಾನು ಬಾಯಿ ಮುಚ್ಚಿಕೊಂಡು, ತಪ್ಪು ನನ್ನದು ಎಂದು ಒಪ್ಪುವ ಅವಮಾನದಿಂದ ತಪ್ಪಿಸಿಕೊಂಡೆ. ನೀನು ಊಟ ಬಿಟ್ಟು ಕೋಣೆ ಸೇರಿದಾಗ, ಮಕ್ಕಳಲ್ಲವಾ, ಸರಿಹೋಗುತ್ತಾಳೆ ಎಂದುಕೊಂಡೆ. ದೊಡ್ಡವರಿಬ್ಬರೂ ಸೇರಿ ಒಂದು ಮಗುವಿನ ತಲೆಯ ಮೇಲೆ ಹೊರಿಸಿದೆವು.

ನಿನ್ನ ಕೋಣೆ ಬೆಚ್ಚಗೆ ಮಾಡಿದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ, ಅದನ್ನು ನಾಳೆಯೂ ಮಾಡುತ್ತೇನೆ. ಇಪ್ಪತ್ತೇಳು ವರ್ಷ ಸುಮ್ಮನಿದ್ದದ್ದಕ್ಕೆ ಕೇಳುತ್ತೇನೆ. ಈ ಕಾಗದಕ್ಕೆ ನೀನು ಉತ್ತರ ಬರೆಯಲೇಬೇಕು ಎಂದು ಹಟವಿಲ್ಲ. ನೀನು ಯಾರನ್ನೂ ಹಿಡಿದುಕೊಟ್ಟಿಲ್ಲ ಕಣೇ. ಬೆಚ್ಚಗೆ ಮಲಗಿದ್ದೆ, ಅಷ್ಟೇ ನೀನು ಮಾಡಿದ್ದು.