ವಾಣಿಯ ಮೊದಲ ಮಾತು

ಸಭಾಧ್ಯಕ್ಷರೇ, ಮಹನೀಯರೇ, ಹಟ್ಟಿಯಿಂದ ಕಿವಿ ನಿಮಿರಿಸಿರುವ ದನಕರುಗಳೇ! ಇಂದಿನ ಉಪನ್ಯಾಸದ ವಿಷಯ ‘ಶಿಶುಗಳಲ್ಲಿ ಶಬ್ದಸಂಪತ್ತಿನ ಬೆಳವಣಿಗೆ’. ಉಪನ್ಯಾಸಕರು ಪೆರಾಬೆಯ ಬಿ.ಎ. ಪದವೀಧರರು, ಮಗಳಿಗೆ ವಾಣಿ ಎಂದು ಹೆಸರಿಟ್ಟು, ಮೂರು ವರ್ಷ ಅವಳ ಬಾಯಿಂದ ಒಂದು ಶಬ್ದಕ್ಕೆ ಕಾದವರು.

ಅಮ್ಮಾ, ನೀನು ನಗುವುದು ಇಲ್ಲಿಗೆ ಕೇಳ್ತದೆ.

ನೆನಪುಂಟಾ, ಜಗಲಿಯಲ್ಲಿ ಅವಳನ್ನು ಕೂರಿಸಿ ನನ್ನ ಸ್ವಂತ ಪದ್ಯ ಹೇಳಿಕೊಡುತ್ತಿದ್ದದ್ದು? “ಬೆಕ್ಕಿಗೆ ಮೀಸೆ, ಅಪ್ಪನಿಗೂ ಮೀಸೆ, ಬೆಕ್ಕಿಗೆ ಹಾಲು, ಅಪ್ಪನಿಗೆ ದೋಸೆ.” ಅವಳು ಬಾಯಿ ತೆರೆದಳು. ನಾನು ಉಸಿರು ಬಿಗಿಹಿಡಿದೆ. ಅವಳಿಗೆ ಬೇಕಾದದ್ದು ದೋಸೆ! ನೀನೋ ಹಪ್ಪಳ ಒತ್ತುತ್ತಾ, “ನಿನ್ನ ಪ್ರಾಸ ಕೇಳಿಯೇ ಅದು ಬಾಯಿ ಮುಚ್ಚಿದ್ದು ಮಾರಾಯ” ಅಂದೆ.

ನಾನು ಅವಳನ್ನು ಕೊಯಿಲದ ದನದ ಫಾರ್ಮಿಗೆ ಕರೆದುಕೊಂಡು ಹೋಗಿ ದನ, ಕರು, ಹೋರಿ ಎಂದು ಕೈ ತೋರಿಸಿ ಕೂಗಿದೆ. ಹೋರಿ ಉತ್ತರ ಕೊಟ್ಟಿತು, ಮಗಳು ಕೊಡಲಿಲ್ಲ. ಸುಳ್ಯದ ಡಾಕ್ಟರು ಟಾರ್ಚು ಹಾಕಿ ನೋಡಿ, “ಮಗುವಿನ ನಾಲಿಗೆ ಸರಿ ಉಂಟು ಮಾರಾಯ್ರೆ. ನಿಮ್ಮದಕ್ಕೆ ಸ್ವಲ್ಪ ರಜೆ ಕೊಡಿ” ಎಂದರು.

ನೀನು ಮಾತ್ರ ಹೆದರಲಿಲ್ಲ. ಬಜೆ ತೇದು ಅವಳ ನಾಲಿಗೆಗೆ ಹಚ್ಚಿದೆ. ಅಂಗಳದಲ್ಲಿ ಹಪ್ಪಳ ಕಾಯಲು ಪಕ್ಕದಲ್ಲೇ ಕೂರಿಸಿಕೊಂಡೆ. ಕಾಗೆ ಇಳಿದಾಗಲೆಲ್ಲ ಕೋಲೆತ್ತಿ, “ಹುಶ್ ಕಾಕೆ, ಹೋಗು!” ಅವಳು ನಿನ್ನ ಬಾಯಿಯನ್ನೇ ನೋಡುತ್ತಿದ್ದಳು. “ಒಂದು ಸಲ ಅಜ್ಜಿ ಅಂತ ಕರೆದರೆ ಸಾಕು, ಮತ್ತೆ ನಾನು ಹೋಗುದೇ” ಅನ್ನುತ್ತಿದ್ದೆ. ಕರೆಯುವ ಮೊದಲೇ ನೀನು…

ನಿನ್ನ ಉತ್ತರಕ್ರಿಯೆಯ ಬೊಜ್ಜದ ದಿನ ಬಾಳೆಲೆಯಲ್ಲಿ ಅನ್ನ ಇಟ್ಟು, ನಿನ್ನ ರೂಪದಲ್ಲಿ ಬರಬೇಕಾದ ಕಾಗೆಗೆ ಕಾದೆವು. ಬಿಸಿಲೇರಿದರೂ ಪತ್ತೆಯಿಲ್ಲ. “ಅಮ್ಮನಿಗೆ ಎಂತ ಆಸೆ ಉಳಿದಿತ್ತು?” ಪುರೋಹಿತರು ಕೇಳಿದರು. “ವಾಣಿಯನ್ನು ಮಾತಾಡಿಸ್ತೇನೆ ಅಮ್ಮಾ” ಎಂದು ಕೈಮುಗಿದೆ.

ಆಗ ಕಾಗೆ ಬಂತು. ಇನ್ನೇನು ಅನ್ನಕ್ಕೆ ಕೊಕ್ಕು ಹಾಕಬೇಕು, ನನ್ನ ಹಿಂದಿನಿಂದ ಕೋಲೆತ್ತಿಕೊಂಡು ಓಡಿ ಬಂದಳು ನಿನ್ನ ಮೊಮ್ಮಗಳು:

“ಹುಶ್ ಕಾಕೆ, ಹೋಗು!”

ಎಷ್ಟು ಸ್ಪಷ್ಟ ಉಚ್ಚಾರ! ಕಾಗೆ ಹಲಸಿನ ಮರಕ್ಕೆ ಹಾರಿತು. ಪುರೋಹಿತರು ತಲೆಗೆ ಕೈ ಇಟ್ಟರು. ನಿನ್ನ ತಂಗಿ, “ಅಯ್ಯೋ, ಬಂದ ಅಜ್ಜಿಯನ್ನೇ ಓಡಿಸಿದೆಯಲ್ಲ ಮಗಾ!” ಎಂದು ಬೊಬ್ಬೆ ಹಾಕಿದಳು. ವಾಣಿ ಕೋಲು ಬಿಸಾಡಿ ಮರ ನೋಡಿದಳು.

“ಅಜ್ಜೀ! ಬಾ!”

ಉಪನ್ಯಾಸ ಸಾಕು. ಸತ್ತವರು ಕಾಗೆಯಾಗಿ ಬರುವುದೆಲ್ಲ ಸುಳ್ಳು ಎಂದು ನಿನ್ನೊಡನೆ ಅಷ್ಟು ವಾದ ಮಾಡಿದ ನಾನು, ಅಷ್ಟೂ ನೆಂಟರ ಎದುರು ಆ ಮರದ ಕಡೆ ಕೂಗಿಬಿಟ್ಟೆ:

“ಕೇಳಿತಾ ಅಮ್ಮಾ?”